ವೈಫೈ ವಿಸರ್ಜನೆ

ಮಾರ್ಚ್ 3
ಇತಿಹಾಸ ಗಮನಿಸಲಿ: ಇಂದು ಸಂಜೆ ಏಳಕ್ಕೆ, ಊಟದ ಮೇಜಿನ ಸುತ್ತ ಸೇರಿದ ಮಹಾಸಭೆಯಲ್ಲಿ, ಈ ಮನೆಯ ವೈಫೈ ವಿಸರ್ಜನೆಯಾಯಿತು. ಸಿನಿಮಾ, ಸೀರಿಯಲ್, ಕ್ರೀಡೆ ಎಲ್ಲ ಸೇರಿದ ಪ್ಯಾಕ್. ಮತ್ತೆ ದರ ಏರಿಸಿದ್ದಾರೆ. ಕನ್ನಡಕದಂಗಡಿಯ ಯಜಮಾನರು ನನ್ನ ಸಂಬಳ ಏರಿಸಿಲ್ಲ. ಎಲ್ಲರ ಅಹವಾಲು ಕೇಳಿದೆ. ಹೆಂಡತಿ: "ಮ್ಯಾಚ್ ನೋಡೋದು ಯಾರು ಅಂತ ಮೊದಲು ಬರ್ಕೊಳ್ಳಿ." ಬರೆದುಕೊಳ್ಳಲಿಲ್ಲ. ಅಮ್ಮ: "ನನಗೇನೂ ಬೇಡಪ್ಪ." ಸರ್ವಾನುಮತ.

ನಿಜ ಹೇಳಬೇಕೆಂದರೆ ಅಮ್ಮನದೇ ದೊಡ್ಡ ದುಂದು. ದಿನಾ ನಾಲ್ಕಕ್ಕೆ ಚಿಕ್ಕಮ್ಮನಿಗೆ ವಿಡಿಯೋ ಕಾಲ್. ಇಬ್ಬರೂ ಫೋನನ್ನು ಡಬ್ಬಿಗೆ ಒರಗಿಸಿ ಸ್ವೆಟರ್ ಹೆಣೆಯುತ್ತಾರೆ. ಒಂದು ಗಂಟೆ. ಒಂದು ಮಾತಿಲ್ಲ. ಅದಕ್ಕೂ ಬಿಲ್ಲು...

ಮಾರ್ಚ್ 6
ಮನೆ ಶಾಂತ. ಸ್ಕೋರ್ ಅಂಗಡಿಯಲ್ಲೇ ಕೇಳಿಕೊಂಡು ಬರುತ್ತೇನೆ — ತ್ಯಾಗ. ಅಮ್ಮನಿಗೆ ಹೇಳಿದೆ, "ಚಿಕ್ಕಮ್ಮನಿಗೆ ಮಾಮೂಲಿ ಫೋನ್ ಮಾಡಮ್ಮ, ಅದು ಫ್ರೀ."
"ಮಾಡಿದೆ."
"ಏನಂದ್ರು?"
ನನ್ನ ಮುಖವನ್ನೇ ನೋಡಿದಳು. ಎದ್ದು ಅಡುಗೆಮನೆಗೆ ಹೋದಳು.

ಮಾರ್ಚ್ 19
ಅಂಗಡಿಯಲ್ಲಿ ಕನ್ನಡಕದ ಗಾಜು ತಿಕ್ಕುವ ಯಂತ್ರ ಕೆಟ್ಟಿತು. ಬೇಗ ಮನೆಗೆ. ನಾಲ್ಕೂಕಾಲು. ಮಹಡಿ ಮೆಟ್ಟಿಲಲ್ಲಿ, ಮೇಲಿನ ಮನೆಯ ಬಾಗಿಲ ಹೊರಗೆ, ಅಮ್ಮ. ಕಂಬಿಗೆ ಒರಗಿಸಿದ ಫೋನು. ಕೈಯಲ್ಲಿ ಕಡ್ಡಿ, ಉಣ್ಣೆ.

ಮೇಲಿನ ಮನೆಯ ನರ್ಸ್ ಬಾಗಿಲಲ್ಲೇ ನಿಂತಿದ್ದರು. "ಪಾಸ್‌ವರ್ಡ್ ನಾನೇ ಕೊಟ್ಟೆ. ಒಳಗೆ ಬನ್ನಿ ಅಂದ್ರೂ ಬರಲ್ಲ. ಮಗನಿಗೆ ಹೇಳ್ಬೇಡ ಅಂತಾರೆ."

ಪರದೆಯಲ್ಲಿ ಚಿಕ್ಕಮ್ಮ ಹೆಣೆದದ್ದನ್ನು ಎತ್ತಿ ತೋರಿಸಿದಳು. ಅಮ್ಮ ಎರಡು ಬೆರಳೆತ್ತಿ, ಎರಡು ಸಾಲು ಬಿಚ್ಚು ಎಂದು ಸನ್ನೆ ಮಾಡಿದಳು. ಚಿಕ್ಕಮ್ಮ ನಾಲಗೆ ಚಾಚಿ ಅಣಕಿಸಿದಳು. ಅಮ್ಮ ನಕ್ಕಳು. ಹದಿನೈದು ದಿನದಿಂದ ಆ ನಗು ಕಂಡಿರಲಿಲ್ಲ.

ಕಾಯಿಲೆಯಲ್ಲಿ ಚಿಕ್ಕಮ್ಮನ ಮಾತು ಬಿದ್ದುಹೋಗಿ ಎರಡು ವರ್ಷ. ಗೊತ್ತಿಲ್ಲದ್ದೇನಲ್ಲ. ಆಸ್ಪತ್ರೆಗೆ ಹಣ್ಣು ಒಯ್ದವನು ನಾನೇ. ಮಾಮೂಲಿ ಫೋನ್ ಮಾಡು ಅಂದವನೂ ನಾನೇ.

"ಯಾಕಮ್ಮ ಹೇಳಲಿಲ್ಲ?"
"ಸುಮ್ನೆ ಕೂತ್ಕೊಳ್ಳೋಕೆ ದುಡ್ಡು ಕಟ್ಟು ಅಂತ ಹೇಗಪ್ಪ ಕೇಳ್ಲಿ?"

ಮಾರ್ಚ್ 20
ಬರೀ ನೆಟ್ ಇರುವ ಸಣ್ಣ ಪ್ಲಾನೂ ಇದೆಯಂತೆ. ಕೇಳಿದವರಿಗೆ ಮಾತ್ರ ಹೇಳುತ್ತಾರೆ. ಸಿನಿಮಾ ಇಲ್ಲ, ಮ್ಯಾಚ್ ಇಲ್ಲ. ಇದಕ್ಕೂ 'ತ್ಯಾಗ' ಎಂದು ಬರೆಯಹೋದೆ... ಹೊಡೆದುಹಾಕಿದೆ.

ನಾಳೆ ಮಧ್ಯಾಹ್ನ ಲೈನ್ ಹಾಕುವವರು ಬರುತ್ತಾರೆ. ನಾನು ಅಂಗಡಿಯಲ್ಲಿರುತ್ತೇನೆ. ಈ ಡೈರಿಯನ್ನು ಯಾರೂ ಓದುವುದಿಲ್ಲ, ಸರಿ. ಆದರೂ ಮಾರ್ಚ್ 3ರ ಅಂಚಿನಲ್ಲಿ ಪೆನ್ಸಿಲಿನಿಂದ 'ಮ್ಯಾಚ್ ನೋಡೋದು ಇವರೇ' ಎಂದು ಬರೆದಿಟ್ಟ ಮಹಾತಾಯಿಗೆ ಒಂದು ವಿನಂತಿ: ಬೀರುವನ್ನು ಗೋಡೆಯಿಂದ ಒಂದು ಗೇಣು ಸರಿಸಿಡು. ತಂತಿ ಅದರ ಹಿಂದಿದೆ. ನಾಲ್ಕರೊಳಗೆ ಆಗಲೇಬೇಕು, ಯಾಕೆಂದರೆ ಅಲ್ಲಿ ಚಿಕ್ಕಮ್ಮ ಎರಡು ಸಾಲು ಬಿಚ್ಚಿಕೊಂಡು...