ಎರಡೇ ಲೀಟರ್

ಪ್ರೀತಿಯ ಅಪ್ಪನಿಗೆ,

ಆಸ್ಪತ್ರೆಯಲ್ಲಿರುವ ನೀವು ಗಾಬರಿಯಾಗುತ್ತೀರೆಂದು ಇಷ್ಟು ದಿನ ಬರೆಯಲಿಲ್ಲ. ಭೂಕಂಪಕ್ಕೆ ಪೈಪ್‌ಲೈನ್ ಒಡೆದು ಟ್ಯಾಂಕರ್ ಬರುವುದು ನಿಂತಿದೆ. ಊರಲ್ಲೆಲ್ಲ ಪೆಟ್ರೋಲಿಗೆ ಚಿನ್ನದ ಬೆಲೆ. ನಮ್ಮ ಬಂಕಿನಲ್ಲಿ ಮಾತ್ರ ಅಕ್ಕ ಹಳೆಯ ದರವನ್ನೇ ಉಳಿಸಿಕೊಂಡು, ಒಬ್ಬೊಬ್ಬರಿಗೆ ಎರಡೇ ಲೀಟರ್ ಎಂದಳು.

ಸೋದರಮಾವ ಕಾರು ತಂದು, "ನಂಗೂ ಎರಡೇನಾ? ಸಂಬಂಧ ಅನ್ನೋದು ಬೇಡ್ವಾ?" ಎಂದು ರೇಗಿದರು.

"ಸಂಬಂಧ ಮನೇಲಿ, ಮಾವ. ಇಲ್ಲಿ ಸಾಲು. ಹಿಂದೆ ಹೋಗಿ ನಿಂತ್ಕೊಳ್ಳಿ," ಎಂದಳು ಅಕ್ಕ.

ಗೊಣಗುತ್ತಲೇ ನಿಂತರು.

ಟ್ಯಾಂಕಿನ ತಳದಲ್ಲಿದ್ದದ್ದನ್ನು ಅವಳು ಆಂಬುಲೆನ್ಸಿಗೆಂದೇ ಕಾದಿಟ್ಟಿದ್ದಳು. ಇಂದು ಅದೂ ಮುಗಿಯಿತು. ಕುಸಿದ ಮನೆಯಿಂದ ತೆಗೆದ ಬಾಣಂತಿಯೂ ಮಗುವೂ ಅದರಿಂದಲೇ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿ ಬದುಕಿದರು.

ಗಂಡುಮಕ್ಕಳಿಲ್ಲವೆಂದು ಬಂಕು ಮಾರಲು ಹೊರಟಿದ್ದೀರಿ. ದಯವಿಟ್ಟು ಸಹಿ ಹಾಕಬೇಡಿ. ಅಕ್ಕ ಬಾಯಿಬಿಟ್ಟು ಕೇಳುವವಳಲ್ಲ.

ಮಾತ್ರೆ ತಪ್ಪಿಸಬೇಡಿ.

ನಿಮ್ಮ ಕಿರಿಮಗಳು