ಅಣ್ಣಿಗೇರಿ ಸ್ಟೇಷನ್ನಿನಿಂದ ತಿರುಗಿ ಬಂದ ಕುಂಚಿಗೆ

ಗುಡಗೇರಿ,
ಸೋಮವಾರ, ೨೨ ಸೆಪ್ಟೆಂಬರ್ ೨೦೨೫
ಬೆಳಗಿನ ಚಹಾ ಇನ್ನೂ ಆಗಿಲ್ಲ

ನಮ್ಮ ಮನೆಯ ಬೆಳಕು ಶೈಲಶ್ರೀಗೆ ಅತ್ತೆ ರೇವವ್ವ ಮಾಡುವ ಆಶೀರ್ವಾದಗಳು.

ಹೇಗಿದ್ದೀ ಮಗಳೇ? ಪಂಚಮಿಗೆಂದು ತವರಿಗೆ ಹೋದವಳಿಗೆ ದುಮ್ಮವಾಡದ ಮಳೆಗೆ ಮತ್ತೆ ನೆಗಡಿ ಹಿಡಿಯಿತೋ ಏನೋ ಎಂಬುದೇ ನನ್ನ ಚಿಂತೆ. ಒದ್ದೆ ಕೂದಲು ಹಾಗೆಯೇ ಗಂಟು ಕಟ್ಟುವುದು ನಿನ್ನ ಚಟ, ಇಲ್ಲಿದ್ದಾಗ ಬೈದು ಬೈದು ಸಾಕಾಗಿತ್ತು. ಈಗ ಬೈಯಲು ಯಾರೂ ಇಲ್ಲದೆ ನನ್ನ ಬಾಯಿಗೇ ಬೇಸರ ಬಂದಿದೆ. ನಿನ್ನ ಅವ್ವ ಸಾವಿತ್ರೆವ್ವನವರ ಮೊಣಕಾಲು ಹೇಗಿದೆ? ಎಕ್ಕೆ ಎಲೆಗೆ ಎಣ್ಣೆ ಸವರಿ, ಬಿಸಿ ಮಾಡಿ ಕಟ್ಟಲು ಹೇಳು. ಇಲ್ಲಿ ನಾವೆಲ್ಲ ಆರಾಮ. ಹೆಸರು ಒಕ್ಕಿ ಮನೆಗೆ ಬಂತು, ಸ್ವಲ್ಪ ಮಳೆಗೆ ಸಿಕ್ಕು ಬಣ್ಣಗೆಟ್ಟಿದೆ, ಇರಲಿ. ನಿನ್ನ ಮಾವನವರಿಗೆ ಕೆಮ್ಮು ಕಡಿಮೆ, ಸಿಟ್ಟು ಮಾತ್ರ ಇದ್ದಷ್ಟೇ ಇದೆ. ಫೋನು ಇರುವಾಗ ಕಾಗದವೇಕೆ ಎಂದು ನಗಬೇಡ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಕೈಯಿಂದ ನಿನ್ನ ಅವ್ವ ಕಸಿದುಕೊಳ್ಳುತ್ತಾರೆ, ನನ್ನ ಕೈಯಿಂದ ನಿನ್ನ ಮಾವ. ಆಮೇಲೆ ಮಳೆ-ಬೆಳೆ ಮಾತಾಡಿ ಇಟ್ಟುಬಿಡುತ್ತೇವೆ. ಕಾಗದದ ನಡುವೆ ಯಾರೂ ಬಾಯಿ ಹಾಕಲಾರರು. ನಾನು ಹೇಳಬೇಕಾದದ್ದು ಅಷ್ಟು ದೊಡ್ಡದಿದೆ, ನಿನ್ನೆಯಿಂದ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ.

ಮೊನ್ನೆ ಬಳೆಯ ಹಲೀಮಾಬಿ ಬಂದಿದ್ದಳು, ನಿನ್ನ ಮದುವೆಗೆ ಹಸಿರು ಬಳೆ ಇಟ್ಟವಳು. ಅವಳ ತಂಗಿಯ ಮಗಳು ಜಹೀರಾ ನಿಮ್ಮೂರಿನಲ್ಲಿ ನಿಮ್ಮ ಓಣಿಯಲ್ಲೇ ಇದ್ದಾಳಲ್ಲ, ಅವಳ ಮನೆಯಲ್ಲಿ ನಾಲ್ಕು ದಿನ ಇದ್ದು ಬಂದಳಂತೆ. ಕಟ್ಟೆಯ ಮೇಲೆ ಕೂತು, ಬಳೆಯ ಬುಟ್ಟಿ ಇಳಿಸುವ ಮೊದಲೇ ಅಂದಳು, "ರೇವಕ್ಕಾ, ನಿಮ್ಮ ಸೊಸಿ ದಸರಾ ಸೂಟಿ ಮುಗದ ಮ್ಯಾಲೆ ಅಲ್ಲೇ ಕಲಘಟಗಿ ಕಡೆ ಸಾಲಿಗೆ ಟೀಚರ್ ಆಗಿ ಸೇರತಾಳಂತ. ಇನ್ನ ಗುಡಗೇರಿಗೆ ಬರೂದಿಲ್ಲಂತ." ಒಳಗೆ ನೋವಾದರೂ ಹೊರಗೆ ಬಂದದ್ದು ಸಿಟ್ಟೇ. ಇರಲಿ ಬಿಡು, ಮನಸ್ಸಿಲ್ಲದವಳನ್ನು ಕಟ್ಟಿ ಹಾಕಲು ಬರುತ್ತದೆಯೇ ಎಂದುಬಿಟ್ಟೆ. ಹಲೀಮಾಬಿ ನನ್ನನ್ನೇ ನೋಡಿದಳು. "ಮನಸ್ಸಿಲ್ಲ ಅಂತ ಯಾರ ಹೇಳಿದರ ನಿಮಗ? ಅಳಿಯಾ ಕರಿಯಾಕ ಬರಲಿಲ್ಲಂತ ಸಾವಿತ್ರೆವ್ವ ಜಹೀರಾನ ಮುಂದ ಕಣ್ಣೀರ ಹಾಕ್ಯಾಳ. ಅವರ ಮನಿತನದಾಗ ಮೊದಲನೇ ಪಂಚಮಿಗೆ ಅಳಿಯಾನ ಬಂದು, ಉಂಡು, ಬುತ್ತಿ ಹೊತಗೊಂಡು, ಹೆಂಡ್ತಿನ ಕರಕೊಂಡ ಹೋಗಬೇಕಂತ."

ಶೈಲಾ, ಆ ಮಾತು ನಾನು ಕೇಳಿದ್ದು ಅದೇ ಮೊದಲು. ನಮ್ಮ ಮನೆತನದ ರೀತಿ ಅದಕ್ಕೆ ಪೂರಾ ಉಲ್ಟಾ. ಇಲ್ಲಿ ಗಂಡಸು ಕರೆಯಲು ಹೋಗುವುದಿಲ್ಲ. ಪಂಚಮಿ ಮುಗಿದ ಮೇಲೆ ತವರಿನವರೇ ರೊಟ್ಟಿ, ಹೋಳಿಗೆಯ ಬುತ್ತಿ ಕಟ್ಟಿಕೊಂಡು ಮಗಳನ್ನು ಬಿಟ್ಟು ಹೋಗಬೇಕು. ಅವರು ಬರಲಿಲ್ಲವೆಂದರೆ ಹುಡುಗಿಗೆ ಇಲ್ಲಿ ಹೊಂದಿಲ್ಲ ಎಂದು ಅರ್ಥ. ನಿಮ್ಮಲ್ಲಿ ಅಳಿಯ ಬರಲಿಲ್ಲವೆಂದರೆ ಹುಡುಗಿ ಬೇಡವಾಗಿದ್ದಾಳೆ ಎಂದು ಅರ್ಥ. ಮದುವೆ ಮಾತುಕತೆಯಲ್ಲಿ ತೊಟ್ಟಿಲ ಹಗ್ಗದ ತನಕ ಮಾತಾಡಿದ ಹಿರಿಯರು ಇದೊಂದನ್ನು ಯಾರೂ ಕೇಳಲಿಲ್ಲ, ಹೇಳಲಿಲ್ಲ. ಎಲ್ಲರ ಮನೆಯಲ್ಲೂ ನಮ್ಮ ಮನೆಯ ಹಾಗೆಯೇ ಇರುತ್ತದೆ ಎಂದುಕೊಂಡೆವು. ನಿನ್ನ ಅವ್ವ ಅಳಿಯನಿಗೆಂದು ತೆಗೆದಿಟ್ಟ ಶೇಂಗಾ ಉಂಡಿಯ ಡಬ್ಬಿಗೆ ಇರುವೆ ಹತ್ತಿತಂತೆ. ನಾನು ಇಲ್ಲಿ ಹುಬ್ಬಳ್ಳಿಯ ಗಾಡಿ ಬರುವ ಹೊತ್ತಿಗೆ ದಿನಾ ಬಾಗಿಲಿಗೆ ಬಂದು, ಬುತ್ತಿ ಹೊತ್ತ ಸಾವಿತ್ರೆವ್ವ ಓಣಿಯ ತಿರುವಿನಲ್ಲಿ ಕಾಣುತ್ತಾರೇನೋ ಎಂದು ನೋಡುತ್ತಿದ್ದೆ. ನೀವು ಬಸ್ಸಿನ ದಾರಿ ಕಾದಿರಿ, ನಾವು ರೈಲಿನ ದಾರಿ ಕಾದೆವು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಉಂಡು ಮಲಗಲು ಇಬ್ಬರೂ ಒಂದೇ ಮನೆಯಲ್ಲಿ ಇರಬೇಕಲ್ಲ.

ನಿನ್ನ ಗಂಡ ಹೇಮಂತನನ್ನು ಕೂರಿಸಿ ಕೇಳಿದೆ, ಏನಪ್ಪಾ, ನೀನು ಶೈಲಾಳಿಗೆ ಫೋನಿನಲ್ಲಿ ಏನು ಹೇಳಿದೆ ಎಂದು. "ಯಾವಾಗ ಬರತಿ ಅಂತ ಕೇಳಿದೆ ಬೇ. ನೀವು ಹೆಂಗಂತೀರಿ ಹಂಗ ಅಂದ್ಲು. ನಿನ್ನ ಇಷ್ಟ, ಮನಸ ಬಂದಾಗ ಬಾ ಅಂದೆ" ಅಂದ. ಆ ಹುಡುಗ ತನ್ನ ಮಟ್ಟಿಗೆ ದೊಡ್ಡ ಉಪಕಾರ ಮಾಡಿದವನ ಹಾಗೆ ಹೇಳಿದ. ಅವ್ವನ ಹತ್ತಿರ ಇನ್ನೂ ನಾಲ್ಕು ದಿನ ಇರಲಿ, ಅವಸರ ಮಾಡಬಾರದು ಎಂದು ಅವನ ಲೆಕ್ಕ. ನಿನಗೆ ಅದು ಬಂದರೆ ಬಾ, ಬಿಟ್ಟರೆ ಬಿಡು ಎಂದು ಕೇಳಿಸಿತಲ್ಲವೇ? ನಾನಾಗಿದ್ದರೂ ನನಗೂ ಹಾಗೆಯೇ ಕೇಳಿಸುತ್ತಿತ್ತು. ನೀನು ಹೋಗುವ ಮೊದಲು ಅಡುಗೆಮನೆಯಲ್ಲಿ ನನ್ನ ಹತ್ತಿರ ಅಂದಿದ್ದೆ, "ಅವರ ಮನಸಿನಾಗ ಏನ ಐತಿ ಅಂತ ತಿಳಿಯೂದ ಇಲ್ರಿ ಅತ್ತಿ." ಆಗ ನಾನು ನಕ್ಕುಬಿಟ್ಟೆ. ಈಗ ಹೇಳುತ್ತೇನೆ ಕೇಳು. ನೀನು ಹೋದ ಮಾರನೆಯ ದಿನದಿಂದ ಅವನು ದಿನಾ ಬೆಳಿಗ್ಗೆ ಬೀಜದ ಅಂಗಡಿಗೆ ಹೋಗುವ ಮೊದಲು ನಿನ್ನ ಸ್ಕೂಟಿಯನ್ನು ಹೊರಗೆ ತೆಗೆದು, ಒರೆಸಿ, ಚಾಲೂ ಮಾಡಿ, ಅದು ಗುರ್ ಎನ್ನುವ ತನಕ ಬಾಜೂ ನಿಂತು ಮತ್ತೆ ಒಳಗೆ ಇಡುತ್ತಾನೆ. ಯಾಕೋ ಎಂದರೆ "ಬ್ಯಾಟರಿ ಇಳೀತೈತಿ" ಎನ್ನುತ್ತಾನೆ. ಒಂದು ದಿನ ಮಳೆಯಲ್ಲೂ ಕೊಡೆ ಹಿಡಿದು ನಿಂತಿದ್ದ. ನಿನ್ನ ಗಂಡನ ಮಾತು ಅಷ್ಟೇ ಕಣವ್ವಾ, ಬ್ಯಾಟರಿಯ ಮಾತು. ಅದನ್ನು ನಿನಗೆ ಕೇಳಿಸುವ ಹಾಗೆ ಆಡಲು ಅವನು ಕಲಿಯಬೇಕು, ನಾನು ಅವನ ಪರ ವಹಿಸುತ್ತಿಲ್ಲ.

ಇನ್ನು ನಿನ್ನೆಯ ಸುದ್ದಿ. ಇದನ್ನು ಬರೆಯುವಾಗ ನನಗೆ ನಗುವೂ ಬರುತ್ತಿದೆ, ಅಳುವೂ ಬರುತ್ತಿದೆ, ಅಕ್ಷರ ಡೊಂಕಾದರೆ ಹೊಂದಿಸಿ ಓದು. ಮಧ್ಯಾಹ್ನ ಊಟಕ್ಕೆ ಕೂತಾಗ ನಿನ್ನ ಮಾವನವರಿಗೆ ಅಂದೆ, ಹೇಮಂತನನ್ನು ನಾಳೆಯೇ ದುಮ್ಮವಾಡಕ್ಕೆ ಕಳಿಸೋಣ ಎಂದು. "ನಮ್ಮ ಮನಿತನದಾಗ ಗಂಡ್ಸು ಕರಿಯಾಕ ಹೋಗಿದ್ದ ಇಲ್ಲ" ಅಂದರು. ನನಗೆ ಎಲ್ಲಿತ್ತೋ ಸಿಟ್ಟು. ಹೇಮಂತನ ಬಾಣಂತನಕ್ಕೆ ನಾನು ಅಣ್ಣಿಗೇರಿಯ ತವರಿಗೆ ಹೋದಾಗ ನಮ್ಮಪ್ಪ ಹಾಸಿಗೆ ಹಿಡಿದರು. ಕೂಸು ಹೊಟ್ಟೆಯ ಮೇಲೆ ಹೊರಳುವ ತನಕ ನಾನು ಅಲ್ಲೇ ಇದ್ದೆ. ಈ ಮನುಷ್ಯ ಒಮ್ಮೆ ಬಂದು ಮಗನ ಮುಖ ನೋಡಲಿಲ್ಲ. ಆ ನೋವು ನನ್ನಲ್ಲಿ ಅನ್ನದೊಳಗಿನ ಕಲ್ಲಿನ ಹಾಗೆ ಉಳಿದಿತ್ತು. ಮನೆಯಲ್ಲಿ ಯಾವ ಜಗಳ ಶುರುವಾದರೂ, ಉಪ್ಪಿನಿಂದಾಗಲಿ, ಎಮ್ಮೆಯಿಂದಾಗಲಿ, ಕಡೆಗೆ ನಾನು ಅಲ್ಲಿಗೇ ಬರುತ್ತಿದ್ದೆ. ನಿನ್ನೆಯೂ ಬಂದೆ. "ಹೌದ್ರಿ, ಹೋಗಿಲ್ಲ. ನೀವರ ಎಲ್ಲೆ ಬಂದಿದ್ರಿ?" ಅಂದೆ. ಅವರು ತಟ್ಟೆ ನೋಡುತ್ತಲೇ ಅಂದರು, "ಬಂದಿದ್ದೆ."

ಎಲ್ಲಿಗೆ ಎಂದೆ. "ಟೇಸನ್ ತನಕ." ಯಾವ ಸ್ಟೇಷನ್ನು ಎಂದೆ. "ಅಣ್ಣಿಗೇರಿದು. ಮತ್ಯಾವುದು?" ಶೈಲಾ, ನಾನು ಸಾರಿನ ಸೌಟು ಕೆಳಗಿಟ್ಟು, ಎಲ್ಲ ಹೇಳ್ರಿ ಎಂದೆ. ಮನೆಯಲ್ಲಿ ಹತ್ತಿ ಮಾರಲು ಹೋಗುತ್ತೇನೆಂದು ಸುಳ್ಳು ಹೇಳಿ, ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿ ಬಂದಿದ್ದರಂತೆ. ಇಳಿದ ಮೇಲೆ ಅವರಪ್ಪನ ಮಾತು ನೆನಪಾಯಿತಂತೆ, "ಕರಿಯಾಕ ಹೋದ ಗಂಡಸಿಗೆ ಮನ್ಯಾಗ ಕಿಮ್ಮತ್ತ ಇರೂದಿಲ್ಲ." ಹೋಗಲೋ ಬಿಡಲೋ ಎಂದು ಬೆಂಚಿನ ಮೇಲೆ ಕೂತರಂತೆ. ಅಷ್ಟರಲ್ಲಿ ನಮ್ಮಣ್ಣ ಯಾರನ್ನೋ ಗಾಡಿ ಹತ್ತಿಸಲು ಬಂದನಂತೆ. ನೋಡಿಬಿಟ್ಟಾನೆಂದು ಇವರು ರುಮಾಲು ಮುಖಕ್ಕೆ ಎಳೆದುಕೊಂಡು ಮಲಗಿದವರ ಹಾಗೆ ಮಾಡಿ, ಮುಂದಿನ ಗಾಡಿಗೆ ತಿರುಗಿ ಬಂದರಂತೆ. ಹುಲಿಯಂಥ ಹೊಳೆಪ್ಪ ಗೌಡ್ರು ಭಾವಮೈದುನನಿಗೆ ಹೆದರಿ ಬೆಂಚಿನ ಮೇಲೆ ಮಲಗಿದ್ದನ್ನು ಕಣ್ಣಿಗೆ ತಂದುಕೋ. ನಾನು ನಂಬಲಿಲ್ಲ. ಆಗ ಅವರು ಅಂದದ್ದು ಕೇಳಿ ನಂಬಿದೆ. "ಹುಬ್ಬಳ್ಯಾಗ ಕೂಸಿಗೆ ಒಂದ ಕುಂಚಿಗಿ ತಗೊಂಡಿದ್ದೆ. ಕೆಂಪಂದು. ತಂದು ತೊಟ್ಟಿಲಕ್ಕ ಸಿಗಿಸಿದ್ದೆ."

ಆ ಕುಂಚಿಗೆ ನನಗೆ ಗೊತ್ತು. ಕೂಸಿನ ತಲೆ, ಬೆನ್ನು ಮುಚ್ಚುವ ಕೆಂಪು ಬಟ್ಟೆ, ಅಂಚಿಗೆ ಹಳದಿ ಗೊಂಡೆ. ನಮ್ಮಣ್ಣ ನನ್ನನ್ನು ಕರೆತಂದು ಬಿಟ್ಟ ದಿನ ಅದು ಖಾಲಿ ತೊಟ್ಟಿಲಿಗೆ ತೂಗುತ್ತಿತ್ತು. ಲಕ್ಷ್ಮೇಶ್ವರದ ನಾದಿನಿ ತಂದಿರಬೇಕೆಂದು ನಾನೇ ತಿಳಿದುಕೊಂಡೆ. ಅಂದಿನಿಂದ ಇಂದಿನ ತನಕ ಕಂಡವರ ಮುಂದೆಲ್ಲ ಆಕೆಯನ್ನು ಹೊಗಳಿದ್ದೇನೆ, ಗಂಡನಿಗಿಲ್ಲದ ಮಾಯೆ ನಾದಿನಿಗೆ ಇತ್ತು ನೋಡ್ರಿ ಎಂದು. ಅದೂ ಈ ಮನುಷ್ಯನ ಎದುರಿಗೇ. ಆ ನಾದಿನಿ ತಾನು ತಂದಿಲ್ಲ ಎಂದು ಒಂದು ದಿನವೂ ಹೇಳಲಿಲ್ಲ, ನಗುತ್ತ ಹೊಗಳಿಕೆಯನ್ನೆಲ್ಲ ಉಡಿಯಲ್ಲಿ ತುಂಬಿಕೊಂಡಳು. ಬರಲಿ ದೀಪಾವಳಿಗೆ, ಅವಳ ಲೆಕ್ಕ ಬೇರೆ ಇದೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ನಿನ್ನ ಮಾವ ಏನೆಂದರು ಗೊತ್ತೇ? "ನೀ ಬರಲಿಲ್ಲ ಬರಲಿಲ್ಲ ಅಂದಿ. ಯಾಕ ಬರಲಿಲ್ಲ ಅಂತ ಎಂದರ ಕೇಳಿದಿ?"

ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ ಮಗಳೇ, ಖುಷಿಯಾಯಿತು. ಮದುಮಗಳ ಹಾಗೆ ಖುಷಿಯಾಯಿತು, ನಾಚಿಕೆ ಬಿಟ್ಟು ಹೇಳುತ್ತೇನೆ. ಊಟ ಮುಗಿದ ಮೇಲೆ ಟ್ರಂಕು ತೆಗೆದು ಕುಂಚಿಗೆ ಹುಡುಕಿದೆ. ಗೊಂಡೆ ಅರ್ಧ ಉದುರಿವೆ, ಬಣ್ಣ ಮಾಸಿದೆ. ಮೂಗಿಗೆ ಹಿಡಿದುಕೊಂಡು ಕೂತೆ, ನುಸಿಗುಳಿಗೆಯ ವಾಸನೆ, ಬೇರೇನೂ ಇಲ್ಲ. ಆದರೂ ಅತ್ತುಬಿಟ್ಟೆ. ನೋಡು, ನಡೆದದ್ದು ಒಂದೇ, ಅವರು ಬಾಗಿಲಿಗೆ ಬರಲಿಲ್ಲ. ಆದರೆ ಬೇಡವಾಗಿ ಬರಲಿಲ್ಲ ಎಂದು ತಿಳಿದು ಬದುಕುವುದು ಬೇರೆ, ಬಂದು ಅಂಜಿ ತಿರುಗಿದರು ಎಂದು ತಿಳಿದು ಬದುಕುವುದು ಬೇರೆ. ನಾನು ಮೊದಲನೆಯದನ್ನು ಮೂವತ್ತು ವರ್ಷ ಹೊತ್ತೆ. ಗಂಡ ದುಡಿದು ಹಾಕಿದ, ಕುಡಿಯಲಿಲ್ಲ, ಕೈ ಎತ್ತಲಿಲ್ಲ, ಮಂದಿ ನನ್ನ ಸಂಸಾರ ನೋಡಿ ಬಂಗಾರ ಎಂದರು. ಒಳಗಿನ ಆ ಕಲ್ಲು ನನಗೊಬ್ಬಳಿಗೇ ಗೊತ್ತಿತ್ತು. ನಿನಗೆ ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ, ನೀನು ಆ ಕಲ್ಲನ್ನು ಈಗಲೇ ಉಗುಳು ಎಂದು ಹೇಳಲು ಈ ಕಾಗದ.

ನೌಕರಿಯ ಮಾತು ಬೇರೆ. ಸಾಲೆಯಲ್ಲಿ ಕಲಿಸುವ ಆಸೆ ಇದ್ದರೆ ಕಲಿಸು, ಅಲ್ಲಿಯೇ ಆಗಲಿ, ನಮ್ಮ ಕುಂದಗೋಳದ ಕಡೆಯಾಗಲಿ. ಅದಕ್ಕೆ ಯಾರೂ ಅಡ್ಡ ಬರುವುದಿಲ್ಲ, ಬಂದರೆ ನಾನಿದ್ದೇನೆ. ಇಲ್ಲಿಗೆ ಬರಲು ನಿಜವಾಗಿ ಮನಸ್ಸಿಲ್ಲದಿದ್ದರೆ ಅದನ್ನೂ ಹೇಳು, ಕೇಳುತ್ತೇನೆ. ಆದರೆ ನಾವು ನಿನ್ನನ್ನು ಬೇಡವೆಂದೆವು ಎಂಬ ಊಹೆಯ ಮೇಲೆ ಮಾತ್ರ ನಿರ್ಧಾರ ಮಾಡಬೇಡ. ಹೇಮಂತನಿಗೂ ಇದನ್ನೇ ಹೇಳಿದ್ದೇನೆ. ಕೇಳಿದರೆ ಬಾಯಿ ಸವೆಯುವುದಿಲ್ಲ. ಗಂಡ ಸುಮ್ಮನಿದ್ದರೆ ಸುಮ್ಮನೆ ಯಾಕಿದ್ದೀರಿ ಎಂದು ಕೇಳು, ಬ್ಯಾಟರಿ ಎಂದರೆ ಯಾವ ಬ್ಯಾಟರಿ ಎಂದು ಕೇಳು.

ಇಂದು ನಮ್ಮಲ್ಲಿ ನವರಾತ್ರಿಯ ಘಟ ಹಾಕುವ ದಿನ, ಜಗಲಿ ಸಾರಿಸುವುದಿದೆ. ನಿನ್ನ ಅವ್ವನಿಗೆ ನನ್ನ ಶರಣು ಹೇಳು, ಇರುವೆ ಹತ್ತಿದ ಉಂಡಿಗೆ ನಾನು ಜವಾಬ್ದಾರಿ ಎಂದು ಹೇಳು. ದಸರೆಗೆ ಬನ್ನಿ ಮುಡಿಯುವ ದಿನ ನಿನ್ನ ಕೈಯಿಂದ ಬನ್ನಿ ತೆಗೆದುಕೊಂಡು, ಬಂಗಾರದಂಗ ಇರೂಣು ಎಂದು ನಿನ್ನ ಬಾಯಿಂದಲೇ ಕೇಳಬೇಕೆಂದು ನನಗೆ ಆಸೆ. ತಲೆ ಒರೆಸಿಕೋ. ನಿನ್ನ ಬಾಳು ತಣ್ಣಗಿರಲಿ.

ನಿನ್ನ ಅತ್ತೆ,
ರೇವವ್ವ

ತಾ.ಕ.: ಕಾಗದ ಅಂಚೆಗೆ ಹಾಕುತ್ತಿಲ್ಲ. ಇದನ್ನು ನಿನ್ನ ಕೈಗೆ ಕೊಟ್ಟವನ ಮುಖ ನೋಡು. ಬಾಗಿಲಲ್ಲೇ ನಿಂತಿರುತ್ತಾನೆ, ನೀರು ಬೇಕೆಂದು ಕೇಳುವುದಿಲ್ಲ, ನೀನೇ ಕೊಡು. ಕುಂಚಿಗೆ ಕಳಿಸಿಲ್ಲ, ಹೆದರಬೇಡ, ಕೂಸಿಗೆ ನಾನು ಅವಸರ ಮಾಡುತ್ತಿಲ್ಲ. ಇನ್ನೊಂದು ಮಾತು, ಗಾಡಿಯ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಮಾವನವರೂ ಹೊಸ ಧೋತರ ಉಟ್ಟು ಹೊರಟು ನಿಂತಿದ್ದಾರೆ. ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಬರುವ ಮಗನಿಗೆ "ಬಸ್ ತಿಳಿಯೂದಿಲ್ಲ, ನಾ ತೋರಸ್ತೇನಿ" ಎಂಬುದು ನೆಪ. ನಿಮ್ಮ ಮನೆಯ ತನಕ ಬರುವುದಿಲ್ಲವಂತೆ, ದುಮ್ಮವಾಡದ ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂಡುತ್ತಾರಂತೆ. ಮುಖದ ಮೇಲೆ ರುಮಾಲು ಎಳೆದುಕೊಂಡು ಯಾರಾದರೂ ಮಲಗಿದ್ದರೆ ಅವರೇ. ಈ ಸಲ ತಿರುಗಿ ಹೋಗಲು ಬಿಡಬೇಡ. ನೀನೇ ಹೋಗಿ, ಕೈ ಹಿಡಿದು, ಒಳಗೆ ಕರೆದುಕೊಂಡು ಬಾ.