ಮುಚ್ಚಿಟ್ಟ ಗ್ರಾಫು ಮತ್ತು ನನ್ನ ಮಗಳ ಪಿಎಚ್.ಡಿ.

ವಿಶ್ವವಿದ್ಯಾಲಯದ ಮೌಲ್ಯಮಾಪನ ಕುಲಸಚಿವರಾದ ಮಾನ್ಯರೇ,

ತೀರಿಹೋದ ನನ್ನ ಮಗಳು ಫಿಝಾಳ ಪಿಎಚ್.ಡಿ. ಪ್ರಬಂಧವನ್ನು ತಾವು ‘ಫಲಿತಾಂಶವಿಲ್ಲ’ ಎಂಬ ಒಂದೇ ಮಾತಿನಲ್ಲಿ ಹಿಂದಿರುಗಿಸಿದ್ದೀರಿ. ಫಲಿತಾಂಶ ಏಕಿಲ್ಲ ಎಂದು ಕೇಳುವಷ್ಟು ಪುರುಸೊತ್ತು ತಮಗಿರಲಿಲ್ಲ. ಆದರೂ ಹೇಳುತ್ತೇನೆ. ಹೊಸಕೋಟೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಕೇಳಿಸಿಕೊಳ್ಳದವರಿಗೂ ಪಾಠ ಹೇಳಿ ಅಭ್ಯಾಸವಿದೆ.

ಫಿಝಾ ಕೆಲಸ ಮಾಡುತ್ತಿದ್ದದ್ದು ವಿದೇಶದ ಕೊಲೈಡರ್ ಎಂಬ ದೈತ್ಯ ಯಂತ್ರವೊಂದರ ದತ್ತಾಂಶದ ಮೇಲೆ. ಅಲ್ಲಿ ಕಣಗಳು ಡಿಕ್ಕಿ ಹೊಡೆದಾಗ ಕ್ವಾರ್ಕ್ ಎಂಬ ಭಾರವಾದ ಮೂಲಕಣವೊಂದು ತನ್ನ ಪ್ರತಿಕಣದ ಜೊತೆ ಕ್ಷಣಮಾತ್ರ ಜೋಡಿಯಾಗುತ್ತದೆ. ಆ ಜೋಡಿ ಕೆಲವೊಮ್ಮೆ ಬೆಳಕಿನ ಒಂದು ಕಣವನ್ನು ಹೊರಚೆಲ್ಲಿ ಕಡಿಮೆ ಶಕ್ತಿಯ ಸ್ಥಿತಿಗೆ ಇಳಿಯುತ್ತದೆ. ಹಾಗೆ ಎಷ್ಟು ಸಲ ಇಳಿಯುತ್ತದೆ ಎಂದು ಅಳೆಯುವುದೇ ಅವಳ ಪ್ರಬಂಧ. ಬೇರೆಲ್ಲಿಂದಲೋ ಬಂದ ಬೆಳಕಿನ ಗದ್ದಲದಲ್ಲಿ ತನಗೆ ಬೇಕಾದ ಕಣವನ್ನು ಹೆಕ್ಕುವುದು ಸುಲಭವಲ್ಲ. ಹೊಸಕೋಟೆ ಬಸ್ಸು ಕೆ.ಆರ್. ಪುರದ ಟ್ರಾಫಿಕ್ಕಿನಲ್ಲಿ ನಿಂತರೆ ಸಾಕು, ಲ್ಯಾಪ್‌ಟಾಪ್ ತೆರೆದುಬಿಡುತ್ತಿದ್ದಳು.

ಈ ಕೆಲಸದವರಲ್ಲಿ ಒಂದು ಕಟ್ಟುನಿಟ್ಟಿದೆ. ಗ್ರಾಫಿನಲ್ಲಿ ಉತ್ತರ ಮೂಡಬೇಕಾದ ಭಾಗವನ್ನು ಮೊದಲೇ ಮುಚ್ಚಿಡುತ್ತಾರೆ. ಅಳೆಯುವ ವಿಧಾನ ಸರಿಯಿದೆ ಎಂದು ತಂಡದ ಉಳಿದ ವಿಜ್ಞಾನಿಗಳು ಒಪ್ಪುವವರೆಗೆ ಅದನ್ನು ಯಾರೂ ತೆರೆಯುವಂತಿಲ್ಲ. “ಒಂದ್ಸಲ ಇಣುಕಿ ನೋಡಿದ್ರೆ ಯಾರಿಗೆ ಗೊತ್ತಾಗುತ್ತೆ?” ಎಂದು ನಾನು ಕೇಳಿದ್ದೆ.

“ನಂಗೆ ಗೊತ್ತಾಗುತ್ತಲ್ಲಾ ಅಮ್ಮಿ. ನೋಡ್ಬಿಟ್ರೆ ಆಮೇಲೆ ಮಾಡೋ ಲೆಕ್ಕ ಎಲ್ಲಾ ಮನಸ್ಸು ಹೇಳ್ದಂಗೇ ಬಂದ್ಬಿಡುತ್ತೆ” ಎಂದು ನಕ್ಕಿದ್ದಳು.

ಬಕ್ರೀದ್ ಆದ ಮರುವಾರ ಅವಳಿಗೆ ಡೆಂಗಿ ಜ್ವರ ಬಂತು. ಅವಳ ವಿಧಾನಕ್ಕೆ ಒಪ್ಪಿಗೆ ಸಿಕ್ಕಾಗ ಅವಳು ಖಬರಸ್ತಾನದಲ್ಲಿದ್ದಳು. ಸುದ್ದಿ ತಂದವನು ಅವಳ ಜೊತೆ ಕೆಲಸ ಮಾಡುತ್ತಿದ್ದ ಬೂದಿಗೆರೆಯ ಬೀರೇಶ್. “ಇನ್ನೂ ಮುಚ್ಚೇ ಇಟ್ಟಿದೀವಿ ಅಮ್ಮಾ. ಅವ್ಳೇ ತೆಗೀಬೇಕಾಗಿತ್ತು. ನಂಗೆ ಕೈಯೇ ಬರ್ತಿಲ್ಲ” ಎಂದು ಬಾಗಿಲಲ್ಲೇ ಕೂತು ಅತ್ತ. ನಾನೂ ಅತ್ತೆ. ಅವಳು ಬರೆದಿಟ್ಟಷ್ಟನ್ನು ಅವಳ ಮಾರ್ಗದರ್ಶಕರು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು.

ಮಾನ್ಯರೇ, ಉತ್ತರ ಪತ್ರಿಕೆಯ ಮೇಲೆ ವಿದ್ಯಾರ್ಥಿಯ ಹೆಸರನ್ನು ಮರೆಮಾಡಿ ಮೌಲ್ಯಮಾಪನಕ್ಕೆ ಕಳಿಸುವುದು ತಮ್ಮದೇ ಕಚೇರಿಯಲ್ಲವೇ? ಹೆಸರು ಕಾಣುತ್ತಿಲ್ಲವೆಂದು ಆತ ಪರೀಕ್ಷೆಯನ್ನೇ ಬರೆದಿಲ್ಲ ಎನ್ನುತ್ತೀರಾ? ಹೋಗಲಿ, ತಮ್ಮೆದುರು ನಿಂತು ಬೇಡಿಕೊಂಡಾಗ ತಾವು ದಯಪಾಲಿಸಿದ ಅಭಯವಾದರೂ ಎಂಥದ್ದು? “ನೋಡಿ ಮೇಡಂ, ಮೊದ್ಲು ಅದನ್ನ ಓಪನ್ ಮಾಡ್ಸಿ. ಏನಾದ್ರೂ ಒಳ್ಳೇದು ಬಂದಿದ್ರೆ ಕನ್ಸಿಡರ್ ಮಾಡೋಣ.” ಒಳ್ಳೆಯದೆಂದರೆ ಯಾವುದು ಸ್ವಾಮಿ? ಗ್ರಾಫಿನಲ್ಲಿ ಏನೂ ಕಾಣದಿದ್ದರೆ, ಆ ಜೋಡಿ ಇಷ್ಟಕ್ಕಿಂತ ಹೆಚ್ಚು ಸಲ ಹಾಗೆ ಇಳಿಯುವುದಿಲ್ಲ ಎಂದು ಹೇಳುವುದೂ ಒಂದು ಅಳತೆಯೇ. ಅದನ್ನು ತಮಗೆ ತಿಳಿಸುವವರು ಅಷ್ಟು ದೊಡ್ಡ ಕಟ್ಟಡದಲ್ಲಿ ಒಬ್ಬರೂ ಇಲ್ಲವೇ?

ಆ ಗ್ರಾಫನ್ನು ನೋಡಲು ನನ್ನ ಜೀವ ಎಷ್ಟು ಹಪಹಪಿಸುತ್ತಿದೆ ಎಂದು ತಮಗೆ ತಿಳಿಯದು. ಅವಳ ಬಟ್ಟೆ, ಪುಸ್ತಕ, ಫೋನಿನಲ್ಲಿ ಉಳಿದ ಅವಳ ದನಿ, ಎಲ್ಲವನ್ನೂ ನೋಡಿ, ಕೇಳಿ ಮುಗಿಸಿದ್ದೇನೆ. ಮಗಳ ಕಡೆಯಿಂದ ನನಗೆ ಬರಬೇಕಾದ ಹೊಸ ಸುದ್ದಿ ಇನ್ನು ಅದೊಂದೇ. ಆದರೂ ಈಗಲೇ ತೆರೆಯಬೇಡ ಎಂದು ಬೀರೇಶನಿಗೆ ಹೇಳಿದ್ದೇನೆ. ಈ ತಿಂಗಳ ಕೊನೆಯವರೆಗೆ ಕಾಯಲು ಅವನ ತಂಡ ಒಪ್ಪಿದೆ.

ಅಷ್ಟರೊಳಗೆ ಪ್ರಬಂಧವನ್ನು ಮತ್ತೆ ತರಿಸಿಕೊಂಡು ವಿಷಯ ಬಲ್ಲ ಪರೀಕ್ಷಕರ ಮುಂದಿಡಿ. ಅವಳು ಅಳೆದ ವಿಧಾನವನ್ನಷ್ಟೇ ನೋಡಿ, ಅವಳಿಗೆ ಪದವಿ ಕೊಡುತ್ತೀರೋ ಇಲ್ಲವೋ, ಗ್ರಾಫ್ ತೆರೆಯುವ ಮೊದಲೇ ಬರೆದು ತಿಳಿಸಿ. ಇಲ್ಲ ಎಂದರೂ ಒಪ್ಪಿಕೊಂಡು ಸುಮ್ಮನಾಗುತ್ತೇನೆ. ತೆರೆದ ಮೇಲೆ, ಅದರಲ್ಲಿ ಏನೋ ಕಂಡಿತೆಂದು ಮಾತ್ರ ಪದವಿ ಹಿಡಿದು ನಮ್ಮ ಮನೆಗೆ ಬರಬೇಡಿ. ನಾನು ಅದನ್ನು ಮುಟ್ಟುವುದಿಲ್ಲ.

ಇಂತಿ,
ತಮ್ಮ ಉತ್ತರಕ್ಕೂ ಮಗಳ ಉತ್ತರಕ್ಕೂ ಕಾದು ಕೂತಿರುವ,
ನೂರುನ್ನೀಸಾ
ಹೊಸಕೋಟೆ